ಬಲಗಡೆಯಿಂದ ಬರೆಯಿರಿ: ಜಾವಾ ಪ್ರೋಗ್ರಾಮರ್‌ಗಳಿಗೆ ಬೇಕಾದ ಎಡಿಟರ್ ಶಾರ್ಟ್‌ಕಟ್‌ಗಳು

ಆರ್ಡರ್‌ಗಳನ್ನು ಗ್ರಾಹಕರ ಪ್ರಕಾರ ಗುಂಪು ಮಾಡಿಕೊಡುವ ಮೆಥಡ್ ಒಂದಿದೆ ಅಂದುಕೊಳ್ಳಿ. ಅದನ್ನು ಕರೆದು, ಬಂದ ಉತ್ತರವನ್ನು ಒಂದು ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಬೇಕು. ನಮ್ಮಲ್ಲಿ ಹೆಚ್ಚಿನವರು ಎಡದಿಂದ ಶುರು ಮಾಡುತ್ತೇವೆ. ಮ್ಯಾಪ್ ಎಂದು ಬರೆದು ಆವರಣ ತೆರೆಯುತ್ತೇವೆ, ಅದರೊಳಗೆ ಕಸ್ಟಮರ್, ಅಲ್ಪವಿರಾಮ, ಲಿಸ್ಟ್, ಮತ್ತೊಂದು ಆವರಣ, ಆರ್ಡರ್, ಎರಡು ಮುಚ್ಚುವ ಆವರಣ, ವೇರಿಯಬಲ್‌ಗೊಂದು ಹೆಸರು, ಸಮ ಚಿಹ್ನೆ. ಇಷ್ಟೆಲ್ಲ ಆದ ಮೇಲೆ ಮೆಥಡ್ ಕರೆ. ಬೇಸರದ ಸಂಗತಿ ಏನೆಂದರೆ, ಸಮ ಚಿಹ್ನೆಯ ಎಡಕ್ಕೆ ನಾವು ಕುಟ್ಟಿದ ಟೈಪ್ (ಮೌಲ್ಯ ಯಾವ ಬಗೆಯದು ಎಂಬ ಘೋಷಣೆ) ಅಷ್ಟೂ ಎಡಿಟರಿಗೆ ಮೊದಲೇ ಗೊತ್ತಿತ್ತು.

ಇದನ್ನೇ ತಿರುಗಿಸಿ. ಮೆಥಡ್ ಕರೆಯನ್ನಷ್ಟೇ ಬರೆದು, ಇಂಟೆಲಿಜೆ ಐಡಿಯಾ ಎಂಬ ಎಡಿಟರಿನಲ್ಲಿ ಕಂಟ್ರೋಲ್+ಆಲ್ಟ್+ವಿ ಒತ್ತಿ. ಎಡಭಾಗದ ಟೈಪ್ ಪೂರ್ತಿ ತಾನೇ ಬರುತ್ತದೆ, ವೇರಿಯಬಲ್‌ಗೆ ಒಂದೆರಡು ಹೆಸರುಗಳ ಸಲಹೆಯೂ ಬರುತ್ತದೆ. ಒಪ್ಪಿಗೆಯಾದರೆ ಎಂಟರ್. ಎಕ್ಲಿಪ್ಸ್‌ನಲ್ಲಿ ಕಂಟ್ರೋಲ್+2 ಒತ್ತಿ ಬಿಟ್ಟು ಎಲ್ ಒತ್ತಿದರೆ ಅದೇ ಫಲ. ವಿಎಸ್ ಕೋಡ್‌ನಲ್ಲಿ ಆ ಸಾಲಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ ಚುಕ್ಕೆ ಒತ್ತಿದಾಗ ಬರುವ ಪಟ್ಟಿಯಲ್ಲಿ ‘ಹೊಸ ಲೋಕಲ್ ವೇರಿಯಬಲ್‌ಗೆ ಕೊಡು’ ಎಂಬ ಅರ್ಥದ ಆಯ್ಕೆ ಇರುತ್ತದೆ.

ನೂರಾರು ಶಾರ್ಟ್‌ಕಟ್‌ಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಅದರಲ್ಲಿ ಯಾವುದನ್ನು ಕಲಿಯಬೇಕು ಎನ್ನುವುದಕ್ಕೆ ನನ್ನ ಅಳತೆಗೋಲು ಒಂದೇ: ಈ ಕೀಲಿ ಬರೀ ಅಕ್ಷರಗಳನ್ನು ಆಚೀಚೆ ಮಾಡುತ್ತದೆಯೋ, ಇಲ್ಲ ಕೋಡ್‌ನ ಅರ್ಥವನ್ನು ಬಳಸಿಕೊಳ್ಳುತ್ತದೆಯೋ? ಜಾವಾದಲ್ಲಿ ಪ್ರತಿ ವೇರಿಯಬಲ್‌ಗೂ ಪ್ರತಿ ಮೆಥಡ್‌ಗೂ ಟೈಪ್ ಪ್ರೋಗ್ರಾಂ ಓಡುವ ಮೊದಲೇ, ಕಂಪೈಲ್ ಆಗುವಾಗಲೇ, ನಿಗದಿಯಾಗಿರುತ್ತದೆ. ಆದ್ದರಿಂದ ಎಡಿಟರ್ ನಿಮ್ಮ ಫೈಲನ್ನು ಸಾದಾ ಪಠ್ಯವೆಂದು ಓದುವುದಿಲ್ಲ, ಕಂಪೈಲರ್ ಓದುವ ಹಾಗೆ ಓದುತ್ತದೆ. ಎಕ್ಲಿಪ್ಸ್ ಒಳಗೆ ಅದರದೇ ಜಾವಾ ಕಂಪೈಲರ್ ಇದೆ. ವಿಎಸ್ ಕೋಡ್‌ಗೆ ರೆಡ್ ಹ್ಯಾಟ್ ಕೊಡುವ ಜಾವಾ ಎಕ್ಸ್‌ಟೆನ್ಶನ್ ಕೂಡ ಒಳಗೊಳಗೆ ಎಕ್ಲಿಪ್ಸ್‌ನ ಜಾವಾ ಯಂತ್ರವನ್ನೇ ಓಡಿಸುತ್ತದೆ. ಎರಡರ ಸಲಹೆಗಳು ಅಷ್ಟೊಂದು ಹೋಲುವುದು ಅದಕ್ಕೇ. ಈ ತಿಳಿವಳಿಕೆಯನ್ನು ಕೆಲಸಕ್ಕೆ ಹಚ್ಚುವ ಕೀಲಿಗಳು ಸಮಯ ಉಳಿಸುವುದಷ್ಟೇ ಅಲ್ಲ, ತಪ್ಪುಗಳನ್ನೂ ತಡೆಯುತ್ತವೆ. ಮೊದಲು ಅವನ್ನೇ ಕಲಿಯಿರಿ.

ಇಲ್ಲಿ ಹೇಳುವುದೆಲ್ಲ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಎಡಿಟರ್ ಜೊತೆ ಬರುವ ಮೂಲ ಕೀಲಿಗಳು. ಮ್ಯಾಕ್‌ನಲ್ಲಿ ಬಹಳ ಕಡೆ ಕಂಟ್ರೋಲ್ ಬದಲು ಕಮಾಂಡ್, ಆಲ್ಟ್ ಬದಲು ಆಪ್ಶನ್ ಎಂದು ಓದಿಕೊಂಡರೆ ಸರಿಹೋಗುತ್ತದೆ, ಎಲ್ಲ ಕಡೆ ಅಲ್ಲ. ಲ್ಯಾಪ್‌ಟಾಪ್‌ನಲ್ಲಿ ಎಫ್ ಸಾಲಿನ ಕೀಲಿಗಳು ಧ್ವನಿ, ಬೆಳಕು ಹೆಚ್ಚುಕಡಿಮೆ ಮಾಡಲು ಮೀಸಲಾಗಿದ್ದರೆ ಜೊತೆಗೆ ಎಫ್ಎನ್ ಒತ್ತಬೇಕು, ಅಥವಾ ಸೆಟ್ಟಿಂಗ್‌ನಲ್ಲಿ ಒಮ್ಮೆ ಬದಲಿಸಿಬಿಡಬೇಕು. ಬದಲಿಸುವುದೇ ಒಳ್ಳೆಯದು. ಡಿಬಗ್ ಮಾಡುವಾಗ, ಅಂದರೆ ದೋಷ ಹುಡುಕುವಾಗ, ಆ ಸಾಲು ಎಡೆಬಿಡದೆ ಬೇಕಾಗುತ್ತದೆ.

ಮೊದಲ ಹೆಜ್ಜೆ: ಉಳಿದೆಲ್ಲವನ್ನೂ ಹುಡುಕಿಕೊಡುವ ಒಂದು ಕೀಲಿ

ಇಂಟೆಲಿಜೆಯಲ್ಲಿ ಕಂಟ್ರೋಲ್+ಶಿಫ್ಟ್+ಎ. ಎಕ್ಲಿಪ್ಸ್‌ನಲ್ಲಿ ಕಂಟ್ರೋಲ್+3. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್+ಶಿಫ್ಟ್+ಪಿ. ಒತ್ತಿದೊಡನೆ ಒಂದು ಹುಡುಕು ಪಟ್ಟಿ ತೆರೆಯುತ್ತದೆ. ಬೇಕಾದ ಕೆಲಸದ ಹೆಸರಿನ ನಾಲ್ಕಕ್ಷರ ಹೊಡೆದರೆ ಆ ಆಜ್ಞೆ ಬರುತ್ತದೆ, ಪಕ್ಕದಲ್ಲೇ ಅದರ ಶಾರ್ಟ್‌ಕಟ್ ಕೂಡ ಕಾಣುತ್ತದೆ. ಮೆನುವಿನಲ್ಲಿ ಹುಡುಕಾಡುವ ಬದಲು ಪ್ರತಿ ಸಲವೂ ಇಲ್ಲಿಗೇ ಬನ್ನಿ. ಒಂದೇ ಆಜ್ಞೆಗೆ ಮೂರು ನಾಲ್ಕು ಸಲ ಬಂದಿರಿ ಅಂದರೆ ಅದರ ಶಾರ್ಟ್‌ಕಟ್ ಕಲಿಯುವ ಹೊತ್ತು ಬಂದಿದೆ ಎಂದರ್ಥ. ಇದೊಂದೇ ಗೊತ್ತಿದ್ದು ಬೇರೇನೂ ಗೊತ್ತಿಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಎರಡನೆಯದು: ಬರೆಯುವಾಗ

ಕಂಟ್ರೋಲ್+ಸ್ಪೇಸ್ ಒತ್ತಿದರೆ ಹೆಸರು ಪೂರ್ತಿಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಬಳಕೆಯಲ್ಲಿ ಇಲ್ಲದ್ದು ದೊಡ್ಡಕ್ಷರಗಳ ಉಪಾಯ. ಜಾವಾದ ಕ್ಲಾಸ್ ಹೆಸರುಗಳು ಉದ್ದ, ಆದರೆ ಒಳಗಿನ ಪ್ರತಿ ಪದವೂ ದೊಡ್ಡಕ್ಷರದಿಂದ ಶುರುವಾಗುತ್ತದೆ. ಸ್ಟ್ರಿಂಗ್‌ಬಿಲ್ಡರ್ ಬೇಕಾದರೆ ಎಸ್, ಬಿ ಎಂಬ ಎರಡೇ ದೊಡ್ಡಕ್ಷರ ಹೊಡೆದು ಕಂಟ್ರೋಲ್+ಸ್ಪೇಸ್ ಒತ್ತಿ. ನಲ್‌ಪಾಯಿಂಟರ್‌ಎಕ್ಸೆಪ್ಶನ್‌ಗೆ ಎನ್, ಪಿ, ಇ. ಕ್ಲಾಸ್ ಹುಡುಕುವ ಕಿಟಕಿಯಲ್ಲೂ ಇದೇ ಉಪಾಯ ನಡೆಯುತ್ತದೆ.

ಇಂಟೆಲಿಜೆಯಲ್ಲಿ ಕಂಟ್ರೋಲ್+ಶಿಫ್ಟ್+ಸ್ಪೇಸ್ ಇನ್ನೂ ಒಂದು ಹೆಜ್ಜೆ ಮುಂದೆ. ಆ ಜಾಗಕ್ಕೆ ಯಾವ ಟೈಪ್ ಹೊಂದುತ್ತದೋ ಅದನ್ನು ಕೊಡುವ ಹೆಸರುಗಳನ್ನು ಮಾತ್ರ ತೋರಿಸುತ್ತದೆ. ಮೆಥಡ್‌ಗೆ ಕಸ್ಟಮರ್ ಕೊಡಬೇಕಾದ ಕಡೆ ನಿಂತು ಒತ್ತಿದರೆ, ಸುತ್ತಮುತ್ತ ಇರುವ ಐವತ್ತು ಹೆಸರುಗಳಲ್ಲಿ ಕಸ್ಟಮರ್ ಆಗಬಲ್ಲ ಎರಡೋ ಮೂರೋ ಉಳಿಯುತ್ತವೆ.

ಪಟ್ಟಿಯಿಂದ ಆರಿಸುವಾಗ ಎಂಟರ್ ಮತ್ತು ಟ್ಯಾಬ್ ಒಂದೇ ಅಲ್ಲ ಎಂಬುದನ್ನೂ ಗಮನಿಸಿ. ಈಗಾಗಲೇ ಇರುವ ಮೆಥಡ್ ಹೆಸರಿನ ನಡುವೆ ಕರ್ಸರ್ ಇಟ್ಟು ಬೇರೊಂದನ್ನು ಆರಿಸುತ್ತಿದ್ದೀರಿ ಅಂದುಕೊಳ್ಳಿ. ಇಂಟೆಲಿಜೆಯಲ್ಲಿ ಎಂಟರ್ ಒತ್ತಿದರೆ ಹೊಸ ಹೆಸರು ಹಳೆಯದರ ಮುಂದೆ ಬಂದು ಕೂರುತ್ತದೆ. ಟ್ಯಾಬ್ ಒತ್ತಿದರೆ ಹಳೆಯದನ್ನು ಅಳಿಸಿ ಅದರ ಜಾಗಕ್ಕೆ ಬರುತ್ತದೆ. ಉಳಿದ ಬಾಲವನ್ನು ಬ್ಯಾಕ್‌ಸ್ಪೇಸ್‌ನಿಂದ ಅಳಿಸುತ್ತ ಕೂರುವವರಿಗೆ ಇದೊಂದು ಮಾತು ಸಾಕು.

ಸಾಲು ಮುಗಿಸುವುದಕ್ಕೆ ಇಂಟೆಲಿಜೆಯಲ್ಲಿ ಕಂಟ್ರೋಲ್+ಶಿಫ್ಟ್+ಎಂಟರ್. ಬಿಟ್ಟುಹೋದ ಆವರಣ ಮುಚ್ಚಿ, ಕೊನೆಗೆ ಅರ್ಧವಿರಾಮ ಹಾಕುತ್ತದೆ. ‘ಇಫ್’ ಬರೆಯುತ್ತಿದ್ದರೆ ಸುರುಳಿ ಆವರಣ (ಕರ್ಲಿ ಬ್ರ್ಯಾಕೆಟ್) ತೆರೆದು ಕರ್ಸರನ್ನು ಒಳಗೆ ತಂದು ನಿಲ್ಲಿಸುತ್ತದೆ. ಸಾಲಿನ ಕೊನೆಗೆ ಹೋಗಲು ಬಾಣದ ಕೀಲಿ ಒತ್ತುವ ಅಭ್ಯಾಸ ಇದರಿಂದ ತಪ್ಪುತ್ತದೆ.

ಟೆಂಪ್ಲೇಟ್‌ಗಳ, ಅಂದರೆ ಚಿಕ್ಕ ಸಂಕೇತದಿಂದ ಪೂರ್ತಿ ಸಾಲು ತರುವ ಅಚ್ಚುಗಳ, ಬಗ್ಗೆ ಸ್ವಲ್ಪ. ಇಂಟೆಲಿಜೆಯಲ್ಲಿ ಎಸ್, ಓ, ಯು, ಟಿ ಹೊಡೆದು ಟ್ಯಾಬ್ ಒತ್ತಿದರೆ ಪರದೆಗೆ ಮುದ್ರಿಸುವ ಸಾಲು ಬರುತ್ತದೆ. ಎಕ್ಲಿಪ್ಸ್‌ನಲ್ಲಿ ‘ಸಿಸೌಟ್’ ಎಂದು ಆರಕ್ಷರ ಹೊಡೆದು ಕಂಟ್ರೋಲ್+ಸ್ಪೇಸ್. ಮೇನ್ ಮೆಥಡ್‌ಗೆ, ಫಾರ್ ಲೂಪ್‌ಗೆ ಹೀಗೆಯೇ ಇವೆ. ನನಗೆ ಇದಕ್ಕಿಂತ ಇಷ್ಟವಾಗುವುದು ಇಂಟೆಲಿಜೆಯ ‘ಪೋಸ್ಟ್‌ಫಿಕ್ಸ್’ ಸೌಲಭ್ಯ. ಒಂದು ಲಿಸ್ಟ್‌ನ ಹೆಸರು ಬರೆದು, ಚುಕ್ಕೆ ಇಟ್ಟು, ‘ಫಾರ್’ ಎಂದು ಬರೆದು ಟ್ಯಾಬ್ ಒತ್ತಿದರೆ ಆ ಲಿಸ್ಟ್ ಮೇಲೆ ಓಡುವ ಲೂಪ್ ಬರುತ್ತದೆ. ಚುಕ್ಕೆ ಇಟ್ಟು ‘ವಾರ್’ ಎಂದರೆ ವೇರಿಯಬಲ್, ಎನ್ ಎಂದು ಎರಡು ಸಲ ಹೊಡೆದರೆ ‘ನಲ್ ಅಲ್ಲದಿದ್ದರೆ’ ಎಂಬ ಷರತ್ತು. ಮೊದಲು ಯೋಚನೆ ಬರೆಯುವುದು, ಅದರ ಸುತ್ತ ಏನಿರಬೇಕೆಂದು ಆಮೇಲೆ ಹೇಳುವುದು. ಬಲಗಡೆಯಿಂದ ಬರೆಯುವುದೆಂದರೆ ಇದೇ.

ಮೂರನೆಯದು: ಒಂದೇ ಶಾರ್ಟ್‌ಕಟ್ ಕಲಿಯುವುದಾದರೆ ಇದನ್ನು

ಇಂಟೆಲಿಜೆ ಮತ್ತು ನೆಟ್‌ಬೀನ್ಸ್ ಎಂಬ ಇನ್ನೊಂದು ಎಡಿಟರಿನಲ್ಲಿ ಆಲ್ಟ್+ಎಂಟರ್. ಎಕ್ಲಿಪ್ಸ್‌ನಲ್ಲಿ ಕಂಟ್ರೋಲ್+1. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್ ಮತ್ತು ಚುಕ್ಕೆ. ಈ ಲೇಖನದಿಂದ ಒಂದನ್ನು ಮಾತ್ರ ಒಯ್ಯುವಿರಾದರೆ ಇದನ್ನೇ ಒಯ್ಯಿರಿ.

ಕೆಂಪು ಗೆರೆ ಬಿದ್ದಲ್ಲಿ ಒತ್ತಿದರೆ ಅದನ್ನು ಸರಿಪಡಿಸುವ ದಾರಿಗಳ ಪಟ್ಟಿ ಬರುತ್ತದೆ. ಇಂಪೋರ್ಟ್ ಬಿಟ್ಟಿದ್ದರೆ ಸೇರಿಸುತ್ತದೆ. ಇಂಟರ್‌ಫೇಸ್‌ನ ಮೆಥಡ್‌ಗಳನ್ನು ಬರೆದಿಲ್ಲದಿದ್ದರೆ ಅವುಗಳ ಖಾಲಿ ರೂಪ ತಂದಿಡುತ್ತದೆ. ಚೆಕ್ಡ್ ಎಕ್ಸೆಪ್ಶನ್ (ನಿಭಾಯಿಸಲೇಬೇಕೆಂದು ಕಂಪೈಲರ್ ಹಟ ಹಿಡಿಯುವ ದೋಷ) ಹಿಡಿಯದೆ ಬಿಟ್ಟಿದ್ದರೆ, ಮೆಥಡ್‌ನ ತಲೆಗೆ ‘ಥ್ರೋಸ್’ ಸೇರಿಸಲೋ ಸುತ್ತ ‘ಟ್ರೈ’ ಹಾಕಲೋ ಎಂದು ಕೇಳುತ್ತದೆ.

ಆದರೆ ಇದರ ನಿಜವಾದ ಶಕ್ತಿ ತಪ್ಪು ತಿದ್ದುವುದರಲ್ಲಿಲ್ಲ, ತಪ್ಪನ್ನು ಬೇಕೆಂದೇ ಮಾಡುವುದರಲ್ಲಿದೆ. ಇನ್ನೂ ಹುಟ್ಟದ ಮೆಥಡ್ ಅನ್ನು ಇದೆ ಎಂಬಂತೆಯೇ ಕರೆಯಿರಿ. ಆರ್ಡರ್ ಒಂದಕ್ಕೆ ರಿಯಾಯಿತಿ ಲೆಕ್ಕ ಹಾಕಬೇಕು. ‘ರಿಯಾಯಿತಿ ಲೆಕ್ಕಹಾಕು’ ಎಂಬರ್ಥದ ಹೆಸರಿಟ್ಟು, ಆರ್ಡರ್ ಮತ್ತು ಗ್ರಾಹಕರನ್ನು ಒಳಗೆ ಕೊಟ್ಟು, ಬರುವ ಉತ್ತರವನ್ನು ಬಿಗ್‌ಡೆಸಿಮಲ್ ವೇರಿಯಬಲ್‌ಗೆ ಹಾಕಿ. ಕೆಂಪಾಗುತ್ತದೆ. ಈಗ ಆಲ್ಟ್+ಎಂಟರ್ ಒತ್ತಿ ‘ಮೆಥಡ್ ರಚಿಸು’ ಆರಿಸಿ. ಕೊಡುವ ಎರಡು ಪ್ಯಾರಾಮೀಟರ್‌ಗಳ ಟೈಪ್, ಹಿಂದಿರುಗುವ ಟೈಪ್ ಎಲ್ಲವನ್ನೂ ನೀವು ಕರೆದ ರೀತಿಯಿಂದಲೇ ತಿಳಿದುಕೊಂಡು ಮೆಥಡ್‌ನ ಚೌಕಟ್ಟು ಎದ್ದು ನಿಲ್ಲುತ್ತದೆ. ಕ್ಲಾಸ್‌ಗೂ ಹೀಗೆ, ಫೀಲ್ಡ್‌ಗೂ ಹೀಗೆ, ಕನ್‌ಸ್ಟ್ರಕ್ಟರ್‌ಗೂ ಹೀಗೆ. ಮೇಲಿನ ಮಟ್ಟದ ಕಥೆಯನ್ನು ಪೂರ್ತಿ ಬರೆದು ಮುಗಿಸಿ, ಆಮೇಲೆ ಒಂದೊಂದೇ ವಿವರಕ್ಕೆ ಇಳಿಯಬಹುದು. ಟೆಸ್ಟನ್ನು ಮೊದಲು ಬರೆಯುವವರಿಗೆ ಈ ಕೀಲಿ ಇಲ್ಲದೆ ಕೆಲಸವೇ ಸಾಗುವುದಿಲ್ಲ, ಏಕೆಂದರೆ ಅವರು ಕರೆಯುವುದೆಲ್ಲ ಇನ್ನೂ ಹುಟ್ಟದ ಕೋಡನ್ನೇ.

ಇದರ ಜೊತೆ ಮುಂದಿನ ಎರರ್‌ಗೆ ಹಾರುವ ಕೀಲಿಯನ್ನು ಜೋಡಿಸಿಕೊಳ್ಳಿ. ಇಂಟೆಲಿಜೆಯಲ್ಲಿ ಎಫ್2, ವಿಎಸ್ ಕೋಡ್‌ನಲ್ಲಿ ಎಫ್8, ಎಕ್ಲಿಪ್ಸ್‌ನಲ್ಲಿ ಕಂಟ್ರೋಲ್ ಜೊತೆ ಚುಕ್ಕೆ. ಎಫ್2, ಆಲ್ಟ್+ಎಂಟರ್, ಎಫ್2, ಆಲ್ಟ್+ಎಂಟರ್. ಒಂದು ದೊಡ್ಡ ಬದಲಾವಣೆಯ ನಂತರ ಫೈಲ್ ತುಂಬ ಕೆಂಪಾಗಿದ್ದಾಗ ಈ ತಾಳ ಕೈಗೆ ಹತ್ತಿದರೆ, ಕಣ್ಣು ಗೆರೆಗಳನ್ನು ಹುಡುಕುವ ಕೆಲಸವೇ ತಪ್ಪುತ್ತದೆ.

ಗೆರೆಯೇ ಇಲ್ಲದ ಕಡೆಯೂ ಒತ್ತಿ ನೋಡಿ. ‘ಇಫ್’ ಮೇಲೆ ನಿಂತರೆ ಷರತ್ತನ್ನು ತಿರುವುಮುರುವು ಮಾಡುವ ಆಯ್ಕೆ, ಲ್ಯಾಂಬ್ಡಾ (ಹೆಸರಿಲ್ಲದ ಚಿಕ್ಕ ಮೆಥಡ್) ಮೇಲೆ ನಿಂತರೆ ಅದನ್ನು ಮೆಥಡ್ ರೆಫರೆನ್ಸ್ ಮಾಡುವ ಆಯ್ಕೆ, ಟೈಪ್ ಮೇಲೆ ನಿಂತರೆ ಜಾವಾ 10ರಲ್ಲಿ ಬಂದ ‘ವಾರ್’ ಆಗಿ ಬದಲಿಸುವ ಆಯ್ಕೆ. ಭಾಷೆಯ ಹೊಸ ಸೌಲಭ್ಯಗಳಲ್ಲಿ ಎಷ್ಟನ್ನೋ ನಾನು ಕಲಿತದ್ದು ಈ ಪಟ್ಟಿಯಿಂದಲೇ.

ಎರಡು ಎಚ್ಚರಿಕೆಗಳಿವೆ. ಮೊದಲನೆಯದು ಇಂಪೋರ್ಟ್. ಲಿಸ್ಟ್ ಎಂಬ ಹೆಸರು ಜಾವಾ.ಯುಟಿಲ್‌ನಲ್ಲೂ ಇದೆ, ಜಾವಾ.ಎಡಬ್ಲ್ಯೂಟಿಯಲ್ಲೂ ಇದೆ. ಡೇಟ್ ಕೂಡ ಜಾವಾ.ಯುಟಿಲ್‌ನಲ್ಲೊಂದು, ಜಾವಾ.ಎಸ್‌ಕ್ಯೂಎಲ್‌ನಲ್ಲೊಂದು. ಓದದೆ ಎಂಟರ್ ಒತ್ತಿ ತಪ್ಪಾದ ಲಿಸ್ಟ್ ತಂದುಕೊಂಡರೆ, ಮುಂದೆ ಬರುವ ಎರರ್‌ಗಳು ಮೂಲ ಕಾರಣವನ್ನು ಹೇಳುವುದಿಲ್ಲ. ಹೊಸಬರು ಅಲ್ಲೇ ಅರ್ಧ ಗಂಟೆ ಕಳೆಯುತ್ತಾರೆ. ಎರಡನೆಯದು ಎಕ್ಸೆಪ್ಶನ್. ಎಕ್ಲಿಪ್ಸ್‌ನ ಮೂಲ ಟೆಂಪ್ಲೇಟ್ ಬರೆದುಕೊಡುವ ‘ಕ್ಯಾಚ್’ ಭಾಗ ಸ್ಟ್ಯಾಕ್ ಟ್ರೇಸ್ (ದೋಷ ಬಂದ ದಾರಿಯ ಪಟ್ಟಿ) ಮುದ್ರಿಸಿ ಸುಮ್ಮನೆ ಮುಂದೆ ಹೋಗುತ್ತದೆ. ಫೈಲ್ ಓದಲಾಗಲಿಲ್ಲ, ಆದರೂ ಪ್ರೋಗ್ರಾಂ ಓದಿದ ಹಾಗೆ ಮುಂದುವರಿಯುತ್ತದೆ. ಆ ನಾಲ್ಕು ಸಾಲನ್ನು ಎಡಿಟರ್ ಬರೆದಿರಬಹುದು, ಅದರ ಹೊಣೆ ನಿಮ್ಮದೇ. ಅಲ್ಲಿ ಏನಾಗಬೇಕೆಂದು ಯೋಚಿಸಿ ಬದಲಿಸಿ.

ನಾಲ್ಕನೆಯದು: ಓಡಾಟ

ನಾವು ಕೋಡ್ ಬರೆಯುವುದಕ್ಕಿಂತ ಓದುವುದೇ ಹೆಚ್ಚು. ಹಳೆಯ, ದೊಡ್ಡ ಪ್ರಾಜೆಕ್ಟ್ ಒಂದಕ್ಕೆ ನಾನು ಹೊಸದಾಗಿ ಸೇರಿದಾಗ ಎಡಗಡೆಯ ಫೈಲ್ ಪಟ್ಟಿಯನ್ನು ಬಿಚ್ಚುತ್ತ, ಪ್ಯಾಕೇಜಿನೊಳಗೆ ಪ್ಯಾಕೇಜ್ ತೆರೆಯುತ್ತ ಹೋಗುತ್ತಿದ್ದೆ. ನಾಲ್ಕನೇ ಫೈಲ್ ತೆರೆಯುವ ಹೊತ್ತಿಗೆ ಮೊದಲನೆಯದನ್ನು ಯಾಕೆ ತೆರೆದೆ ಎಂಬುದೇ ಮರೆತಿರುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಆ ಫೈಲ್ ಪಟ್ಟಿಯನ್ನೇ ಮುಚ್ಚಿಬಿಟ್ಟು, ‘ಒಂದು ವಾರ ಇದಿಲ್ಲದೆ ಕೆಲಸ ಮಾಡಿ ನೋಡಿ’ ಎಂದರು. ಇಂಟೆಲಿಜೆಯಲ್ಲಿ ಆಲ್ಟ್+1, ವಿಎಸ್ ಕೋಡ್‌ನಲ್ಲಿ ಕಂಟ್ರೋಲ್+ಬಿ ಒತ್ತಿದರೆ ಅದು ಮುಚ್ಚುತ್ತದೆ. ಎಕ್ಲಿಪ್ಸ್‌ನಲ್ಲಿ ಕಂಟ್ರೋಲ್+ಎಂ ಒತ್ತಿದರೆ ಎಡಿಟರ್ ಪೂರ್ತಿ ಕಿಟಕಿ ತುಂಬಿಕೊಳ್ಳುತ್ತದೆ. ನೀವೂ ಈ ವಾರವನ್ನು ಪ್ರಯತ್ನಿಸಬೇಕು ಎಂದು ಮನಸಾರೆ ಹೇಳುತ್ತೇನೆ.

ಪಟ್ಟಿ ಇಲ್ಲದ ಮೇಲೆ ಕ್ಲಾಸ್‌ಗೆ ಹೆಸರು ಹಿಡಿದೇ ಹೋಗಬೇಕು. ಇಂಟೆಲಿಜೆಯಲ್ಲಿ ಕಂಟ್ರೋಲ್+ಎನ್, ಎಕ್ಲಿಪ್ಸ್‌ನಲ್ಲಿ ಕಂಟ್ರೋಲ್+ಶಿಫ್ಟ್+ಟಿ, ವಿಎಸ್ ಕೋಡ್‌ನಲ್ಲಿ ಕಂಟ್ರೋಲ್+ಟಿ. ಏನು ಹುಡುಕುತ್ತಿದ್ದೇನೆ ಎಂಬುದೇ ಖಚಿತವಿಲ್ಲದಾಗ ಇಂಟೆಲಿಜೆಯಲ್ಲಿ ಶಿಫ್ಟ್ ಅನ್ನು ಬೇಗಬೇಗ ಎರಡು ಸಲ ತಟ್ಟಿ. ಕ್ಲಾಸ್, ಫೈಲ್, ಆಜ್ಞೆ ಎಲ್ಲದರಲ್ಲೂ ಹುಡುಕುತ್ತದೆ. ತೆರೆದಿರುವ ಫೈಲ್‌ನೊಳಗೆ ಮೆಥಡ್ ಹುಡುಕಲು ಇಂಟೆಲಿಜೆಯಲ್ಲಿ ಕಂಟ್ರೋಲ್+ಎಫ್12, ಎಕ್ಲಿಪ್ಸ್‌ನಲ್ಲಿ ಕಂಟ್ರೋಲ್+ಓ, ವಿಎಸ್ ಕೋಡ್‌ನಲ್ಲಿ ಕಂಟ್ರೋಲ್+ಶಿಫ್ಟ್+ಓ.

ಒಂದು ಹೆಸರಿನಿಂದ ಅದರ ಮೂಲಕ್ಕೆ ಹೋಗುವುದು ಇಂಟೆಲಿಜೆಯಲ್ಲಿ ಕಂಟ್ರೋಲ್+ಬಿ, ಎಕ್ಲಿಪ್ಸ್‌ನಲ್ಲಿ ಎಫ್3, ವಿಎಸ್ ಕೋಡ್‌ನಲ್ಲಿ ಎಫ್12. ಇದಷ್ಟೇ ಗೊತ್ತಿದ್ದರೆ ಜಾವಾದಲ್ಲಿ ಒಂದು ಗೋಡೆಗೆ ತಲೆ ತಾಗುತ್ತದೆ. ಇಂಟರ್‌ಫೇಸ್ ಮೂಲಕ ಕರೆದ ಮೆಥಡ್ ಮೇಲೆ ಒತ್ತಿದರೆ ಇಂಟರ್‌ಫೇಸ್‌ನ ಒಂದು ಸಾಲಿನ ಘೋಷಣೆ ತೆರೆಯುತ್ತದೆ, ಕೆಲಸ ಮಾಡುವ ಕೋಡ್ ಅಲ್ಲಿರುವುದಿಲ್ಲ. ಅದಕ್ಕೆ ಬೇರೆಯೇ ಕೀಲಿ ಬೇಕು: ಇಂಟೆಲಿಜೆಯಲ್ಲಿ ಕಂಟ್ರೋಲ್+ಆಲ್ಟ್+ಬಿ, ವಿಎಸ್ ಕೋಡ್‌ನಲ್ಲಿ ಕಂಟ್ರೋಲ್+ಎಫ್12, ಎಕ್ಲಿಪ್ಸ್‌ನಲ್ಲಿ ಮೆಥಡ್ ಮೇಲೆ ನಿಂತು ಕಂಟ್ರೋಲ್+ಟಿ. ಯಾರು ಯಾರು ಇದನ್ನು ಬರೆದಿದ್ದಾರೆ ಎಂಬ ಪಟ್ಟಿ ಬರುತ್ತದೆ. ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್ ಬಳಸುವ ಪ್ರಾಜೆಕ್ಟ್‌ಗಳಲ್ಲಿ ಇಂಟರ್‌ಫೇಸ್‌ಗಳು ಹೆಜ್ಜೆಹೆಜ್ಜೆಗೂ ಇರುವುದರಿಂದ ಅಲ್ಲಿ ಇದು ದಿನಬಳಕೆಯ ಕೀಲಿ.

ಉಲ್ಟಾ ದಾರಿ, ಅಂದರೆ ಈ ಮೆಥಡನ್ನು ಯಾರು ಯಾರು ಕರೆಯುತ್ತಾರೆ ಎಂಬುದಕ್ಕೆ ಇಂಟೆಲಿಜೆಯಲ್ಲಿ ಆಲ್ಟ್+ಎಫ್7, ಎಕ್ಲಿಪ್ಸ್‌ನಲ್ಲಿ ಕಂಟ್ರೋಲ್+ಶಿಫ್ಟ್+ಜಿ, ವಿಎಸ್ ಕೋಡ್‌ನಲ್ಲಿ ಶಿಫ್ಟ್+ಎಫ್12. ಸಾದಾ ಪಠ್ಯ ಹುಡುಕಾಟಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ‘ಸೇವ್’ ಎಂದು ಪಠ್ಯದಲ್ಲಿ ಹುಡುಕಿದರೆ ಪ್ರಾಜೆಕ್ಟ್‌ನ ಎಲ್ಲ ‘ಸೇವ್’ಗಳೂ ಕಾಮೆಂಟ್‌ಗಳ ಸಮೇತ ಬಂದು ಬೀಳುತ್ತವೆ. ಇದರಲ್ಲಿ ಆ ಒಂದು ಕ್ಲಾಸ್‌ನ ‘ಸೇವ್’ ಮಾತ್ರ ಬರುತ್ತದೆ. ಕರೆದವರನ್ನು ಕರೆದವರು ಯಾರು ಎಂದು ಮೇಲಮೇಲಕ್ಕೆ ಏರಬೇಕಾದರೆ ಇಂಟೆಲಿಜೆಯಲ್ಲೂ ಎಕ್ಲಿಪ್ಸ್‌ನಲ್ಲೂ ಕಂಟ್ರೋಲ್+ಆಲ್ಟ್+ಎಚ್.

ಹೋದ ಮೇಲೆ ಹಿಂತಿರುಗಬೇಕಲ್ಲ. ಇಂಟೆಲಿಜೆಯಲ್ಲಿ ಕಂಟ್ರೋಲ್+ಆಲ್ಟ್+ಎಡಬಾಣ, ಎಕ್ಲಿಪ್ಸ್‌ನಲ್ಲೂ ವಿಂಡೋಸ್‌ನ ವಿಎಸ್ ಕೋಡ್‌ನಲ್ಲೂ ಆಲ್ಟ್+ಎಡಬಾಣ. ಮೂಲಕ್ಕೆ ಜಿಗಿಯಲು ಕಲಿತವರಲ್ಲಿ ಬಹಳ ಮಂದಿ ಹಿಂದಕ್ಕೆ ಬರುವುದನ್ನು ಕಲಿತಿರುವುದಿಲ್ಲ, ಹಾಗಾಗಿ ಮೂವತ್ತು ಟ್ಯಾಬ್ ತೆರೆದುಕೊಂಡು ಕೂರುತ್ತಾರೆ. ಎರಡನ್ನೂ ಒಂದೇ ದಿನ ಕಲಿಯಿರಿ. ಇತ್ತೀಚೆಗೆ ನೋಡಿದ ಫೈಲ್‌ಗಳಿಗೆ ಇಂಟೆಲಿಜೆಯಲ್ಲಿ ಕಂಟ್ರೋಲ್+ಇ, ಕೊನೆಯದಾಗಿ ತಿದ್ದಿದ ಜಾಗಕ್ಕೆ ಮರಳಲು ಕಂಟ್ರೋಲ್+ಶಿಫ್ಟ್+ಬ್ಯಾಕ್‌ಸ್ಪೇಸ್. ಎಕ್ಲಿಪ್ಸ್‌ನಲ್ಲಿ ತಿದ್ದಿದ ಜಾಗಕ್ಕೆ ಕಂಟ್ರೋಲ್+ಕ್ಯೂ.

ಐದನೆಯದು: ಸಾಲುಗಳ ಕೆಲಸ

ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಸಾಲನ್ನು ಮೇಲೆ ಕೆಳಗೆ ಸರಿಸಲು ಎಕ್ಲಿಪ್ಸ್, ವಿಎಸ್ ಕೋಡ್‌ನಲ್ಲಿ ಆಲ್ಟ್ ಜೊತೆ ಮೇಲಿನ, ಕೆಳಗಿನ ಬಾಣ. ಇಂಟೆಲಿಜೆಯಲ್ಲಿ ಆಲ್ಟ್+ಶಿಫ್ಟ್ ಜೊತೆ. ಇಂಟೆಲಿಜೆಯಲ್ಲಿ ಕಂಟ್ರೋಲ್+ಶಿಫ್ಟ್ ಜೊತೆ ಬಾಣ ಒತ್ತಿದರೆ ಇಡೀ ಹೇಳಿಕೆಯೇ ಸರಿಯುತ್ತದೆ, ಮೆಥಡ್ ಹೆಸರಿನ ಮೇಲೆ ನಿಂತಿದ್ದರೆ ಮೆಥಡ್ ಪೂರ್ತಿ. ಕಾಮೆಂಟ್ ಮಾಡಲು ಎಲ್ಲದರಲ್ಲೂ ಕಂಟ್ರೋಲ್ ಮತ್ತು ಓರೆಗೆರೆ.

ಒಂದಕ್ಕೆ ಮಾತ್ರ ವಿಶೇಷ ಗಮನ ಕೊಡಿ: ಆಯ್ಕೆಯನ್ನು ಹಿಗ್ಗಿಸುವುದು. ಇಂಟೆಲಿಜೆಯಲ್ಲಿ ಕಂಟ್ರೋಲ್+ಡಬ್ಲ್ಯೂ, ಎಕ್ಲಿಪ್ಸ್‌ನಲ್ಲಿ ಆಲ್ಟ್+ಶಿಫ್ಟ್+ಮೇಲಿನ ಬಾಣ, ವಿಎಸ್ ಕೋಡ್‌ನಲ್ಲಿ ಶಿಫ್ಟ್+ಆಲ್ಟ್+ಬಲಬಾಣ. ಮೊದಲ ಸಲಕ್ಕೆ ಪದ, ಮತ್ತೊಮ್ಮೆ ಒತ್ತಿದರೆ ಅದನ್ನು ಒಳಗೊಂಡ ಅಭಿವ್ಯಕ್ತಿ, ಆಮೇಲೆ ಸಾಲು, ಬ್ಲಾಕ್, ಮೆಥಡ್. ಆವರಣಗಳನ್ನು ಎಣಿಸಿ ಮೌಸ್‌ನಿಂದ ಎಳೆಯುವ ಕಷ್ಟ ಇರುವುದಿಲ್ಲ. ಮುಂದಿನ ಹೆಜ್ಜೆಗೆ ಇದೇ ತಳಹದಿ.

ಆರನೆಯದು: ಬರೆದದ್ದನ್ನು ಬದಲಿಸುವುದು

ಒಳ್ಳೆಯ ಹೆಸರು ಮೊದಲ ಸಲಕ್ಕೇ ಹೊಳೆಯುವುದು ಅಪರೂಪ. ಹೆಸರು ಬದಲಿಸುವುದು ಕಷ್ಟವಾದರೆ ಕೆಟ್ಟ ಹೆಸರೇ ಉಳಿದುಬಿಡುತ್ತದೆ. ಇಂಟೆಲಿಜೆಯಲ್ಲಿ ಶಿಫ್ಟ್+ಎಫ್6, ಎಕ್ಲಿಪ್ಸ್‌ನಲ್ಲಿ ಆಲ್ಟ್+ಶಿಫ್ಟ್+ಆರ್, ವಿಎಸ್ ಕೋಡ್‌ನಲ್ಲಿ ಎಫ್2, ನೆಟ್‌ಬೀನ್ಸ್‌ನಲ್ಲಿ ಕಂಟ್ರೋಲ್+ಆರ್. ಬಳಸಿದ ಎಲ್ಲ ಕಡೆಯೂ ಬದಲಾಗುತ್ತದೆ, ಅದೇ ಹೆಸರಿನ ಬೇರೆ ವೇರಿಯಬಲ್‌ಗಳನ್ನು ಮುಟ್ಟುವುದಿಲ್ಲ. ಪಬ್ಲಿಕ್ ಕ್ಲಾಸ್ ಹೆಸರು ಬದಲಿಸಿದರೆ ಫೈಲ್ ಹೆಸರೂ ಬದಲಾಗುತ್ತದೆ, ಜಾವಾದಲ್ಲಿ ಎರಡೂ ಒಂದೇ ಇರಬೇಕಾದ್ದರಿಂದ.

ಆದರೆ ಕಂಪೈಲರ್‌ಗೆ ಕಾಣದ್ದು ಈ ಕೀಲಿಗೂ ಕಾಣದೆ ಹೋಗಬಹುದು. ಇದನ್ನು ನಾನು ಕಲಿತದ್ದು ಅನುಭವದಿಂದ. ಒಂದು ಕ್ಲಾಸ್‌ನ ಫೀಲ್ಡ್‌ಗೆ ಅಂದದ ಹೆಸರು ಕೊಟ್ಟೆ. ಕಂಪೈಲ್ ಆಯಿತು, ಟೆಸ್ಟ್‌ಗಳೂ ಹಸಿರಾದವು. ಆ ಕ್ಲಾಸ್ ಜ್ಯಾಕ್ಸನ್ ಎಂಬ ಲೈಬ್ರರಿಯ ಮೂಲಕ ಜೇಸನ್ (ಪ್ರೋಗ್ರಾಂಗಳು ಡೇಟಾ ಕೊಟ್ಟು ತೆಗೆದುಕೊಳ್ಳುವ ಪಠ್ಯರೂಪ) ಆಗಿ ಹೊರಗೆ ಹೋಗುತ್ತಿತ್ತು. ಜ್ಯಾಕ್ಸನ್ ಬೇರೇನೂ ಹೇಳದಿದ್ದರೆ ಜಾವಾದ ಹೆಸರನ್ನೇ ಜೇಸನ್‌ನಲ್ಲೂ ಬಳಸುತ್ತದೆ. ಆಚೆ ಬದಿಯ ಆಪ್ ಹಳೆಯ ಹೆಸರನ್ನೇ ಹುಡುಕುತ್ತಿತ್ತು, ಅದಕ್ಕೆ ಖಾಲಿ ಸಿಕ್ಕಿತು. ಅಂದಿನಿಂದ ಹೊರಗೆ ಹೋಗುವ ಫೀಲ್ಡ್‌ಗಳಿಗೆ ಅನೋಟೇಶನ್‌ನಲ್ಲಿ ಜೇಸನ್ ಹೆಸರನ್ನು ಬೇರೆಯಾಗಿಯೇ ಬರೆದಿಡುತ್ತೇನೆ. ಡೇಟಾಬೇಸ್ ಕಾಲಂಗೆ ಹೊಂದಿಕೊಂಡ ಫೀಲ್ಡ್‌ಗಳು, ರಿಫ್ಲೆಕ್ಷನ್‌ನಲ್ಲಿ (ಪ್ರೋಗ್ರಾಂ ಓಡುವಾಗ ಹೆಸರು ಹಿಡಿದು ಮೆಥಡ್ ಹುಡುಕುವುದರಲ್ಲಿ) ಸ್ಟ್ರಿಂಗ್ ಆಗಿ ಬರುವ ಮೆಥಡ್ ಹೆಸರುಗಳು, ಕಾನ್ಫಿಗರೇಶನ್ ಫೈಲ್‌ಗಳು ಇವೆಲ್ಲದಕ್ಕೂ ಇದೇ ಮಾತು. ಹೆಸರು ಬದಲಿಸಿದ ಮೇಲೆ ಹಳೆಯ ಹೆಸರನ್ನು ಒಮ್ಮೆ ಸಾದಾ ಪಠ್ಯವಾಗಿ ಇಡೀ ಪ್ರಾಜೆಕ್ಟ್‌ನಲ್ಲಿ ಹುಡುಕಿ. ಇಂಟೆಲಿಜೆ ಮತ್ತು ವಿಎಸ್ ಕೋಡ್‌ನಲ್ಲಿ ಕಂಟ್ರೋಲ್+ಶಿಫ್ಟ್+ಎಫ್, ಎಕ್ಲಿಪ್ಸ್‌ನಲ್ಲಿ ಕಂಟ್ರೋಲ್+ಎಚ್.

ಎರಡನೇ ದೊಡ್ಡ ಕೀಲಿ ಮೆಥಡ್ ಬೇರ್ಪಡಿಸುವುದು. ಉದ್ದದ ಮೆಥಡ್‌ನ ಒಂದು ತುಂಡನ್ನು ಆಯ್ದು ಇಂಟೆಲಿಜೆಯಲ್ಲಿ ಕಂಟ್ರೋಲ್+ಆಲ್ಟ್+ಎಂ, ಎಕ್ಲಿಪ್ಸ್‌ನಲ್ಲಿ ಆಲ್ಟ್+ಶಿಫ್ಟ್+ಎಂ ಒತ್ತಿ. ವಿಎಸ್ ಕೋಡ್‌ನಲ್ಲಿ ಕಂಟ್ರೋಲ್+ಶಿಫ್ಟ್+ಆರ್ ಒತ್ತಿದಾಗ ಬರುವ ಪಟ್ಟಿಯಲ್ಲಿ ಈ ಆಯ್ಕೆ ಇದೆ. ಆ ತುಂಡಿಗೆ ಏನೇನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು ಎಂಬುದನ್ನು ಎಡಿಟರ್ ಲೆಕ್ಕ ಹಾಕಿಕೊಳ್ಳುತ್ತದೆ. ಕೆಲವೊಮ್ಮೆ ಎಕ್ಲಿಪ್ಸ್ ಆಗುವುದಿಲ್ಲ ಎನ್ನುತ್ತದೆ. ತುಂಡಿನೊಳಗೆ ಎರಡು ವೇರಿಯಬಲ್‌ಗಳು ಬದಲಾಗಿ ಎರಡೂ ಮುಂದೆ ಬೇಕಾಗಿದ್ದರೆ, ಜಾವಾದ ಮೆಥಡ್ ಒಂದೇ ಮೌಲ್ಯ ಹಿಂದಿರುಗಿಸಬಲ್ಲದು. ಆಗ ಬೇಸರ ಬೇಡ. ಎರಡು ಕೆಲಸಗಳು ಒಂದಕ್ಕೊಂದು ಹೆಣೆದುಕೊಂಡಿವೆ, ಮೊದಲು ಅದನ್ನು ಬಿಡಿಸಿ ಎಂಬ ಸೂಚನೆ ಅದು.

ಬೇರ್ಪಡಿಸಿದ್ದನ್ನು ಮರಳಿ ಒಳಗೆ ಸೇರಿಸುವುದು ಇಂಟೆಲಿಜೆಯಲ್ಲಿ ಕಂಟ್ರೋಲ್+ಆಲ್ಟ್+ಎನ್, ಎಕ್ಲಿಪ್ಸ್‌ನಲ್ಲಿ ಆಲ್ಟ್+ಶಿಫ್ಟ್+ಐ. ಬೇರ್ಪಡಿಸು, ಸೇರಿಸು, ಬೇರೆ ರೀತಿಯಲ್ಲಿ ಬೇರ್ಪಡಿಸು ಎಂದು ಎರಡು ನಿಮಿಷದಲ್ಲಿ ಮೂರು ವಿನ್ಯಾಸ ನೋಡಬಹುದು. ಮೆಥಡ್‌ಗೆ ಪ್ಯಾರಾಮೀಟರ್ ಸೇರಿಸಬೇಕಾದರೆ ಇಂಟೆಲಿಜೆಯಲ್ಲಿ ಕಂಟ್ರೋಲ್+ಎಫ್6, ಎಕ್ಲಿಪ್ಸ್‌ನಲ್ಲಿ ಆಲ್ಟ್+ಶಿಫ್ಟ್+ಸಿ. ಕರೆಯುವ ಕಡೆಗಳಲ್ಲಿ ಯಾವ ಮೌಲ್ಯ ತುಂಬಬೇಕೆಂದು ಅದೇ ಕೇಳುತ್ತದೆ.

ಕೋಡ್ ಹುಟ್ಟಿಸುವ ಮೆನು ಇಂಟೆಲಿಜೆಯಲ್ಲಿ ಆಲ್ಟ್+ಇನ್ಸರ್ಟ್, ಎಕ್ಲಿಪ್ಸ್‌ನಲ್ಲಿ ಆಲ್ಟ್+ಶಿಫ್ಟ್+ಎಸ್. ಕನ್‌ಸ್ಟ್ರಕ್ಟರ್, ಗೆಟರ್, ಈಕ್ವಲ್ಸ್, ಹ್ಯಾಶ್‌ಕೋಡ್ ಎಲ್ಲ ಇಲ್ಲಿಂದ. ಒಂದು ಮಾತು ನೆನಪಿರಲಿ: ಆಮೇಲೆ ಹೊಸ ಫೀಲ್ಡ್ ಸೇರಿಸಿದರೆ ಹಳೆಯ ಈಕ್ವಲ್ಸ್ ತಾನಾಗಿ ಬದಲಾಗುವುದಿಲ್ಲ, ಹೊಸ ಫೀಲ್ಡ್ ಬೇರೆಯಿದ್ದರೂ ಎರಡು ವಸ್ತು ಸಮ ಎಂದೇ ಹೇಳುತ್ತಿರುತ್ತದೆ. ಬರೀ ಡೇಟಾ ಹೊರುವ ಕ್ಲಾಸ್ ಆಗಿದ್ದು, ಜಾವಾ 16 ಅಥವಾ ಮೇಲಿನದು ನಿಮ್ಮ ಬಳಿ ಇದ್ದರೆ ರೆಕಾರ್ಡ್ ಬರೆಯಿರಿ, ಅದರಲ್ಲಿ ಇವೆಲ್ಲ ತಾನಾಗಿಯೇ ಬರುತ್ತವೆ. ಆಗ ಈ ಮೆನುವಿನ ಅಗತ್ಯವೇ ಕಡಿಮೆಯಾಗುತ್ತದೆ.

ಕೋಡ್ ಒಪ್ಪವಾಗಿಸುವ ಕೀಲಿ ಇಂಟೆಲಿಜೆಯಲ್ಲಿ ಕಂಟ್ರೋಲ್+ಆಲ್ಟ್+ಎಲ್, ಎಕ್ಲಿಪ್ಸ್‌ನಲ್ಲಿ ಕಂಟ್ರೋಲ್+ಶಿಫ್ಟ್+ಎಫ್, ವಿಂಡೋಸ್‌ನ ವಿಎಸ್ ಕೋಡ್‌ನಲ್ಲಿ ಶಿಫ್ಟ್+ಆಲ್ಟ್+ಎಫ್. ಹಲವರು ಸೇರಿ ಕೆಲಸ ಮಾಡುವ ಹಳೆಯ ಫೈಲ್‌ನಲ್ಲಿ ಇದನ್ನು ಕಣ್ಣುಮುಚ್ಚಿ ಒತ್ತಬೇಡಿ. ನೀವು ತಿದ್ದಿದ್ದು ಎರಡು ಸಾಲು, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಕಾಣುವುದು ನಾನೂರು. ಪರಿಶೀಲಿಸುವವರಿಗೆ ಆ ಎರಡು ಸಾಲು ಸಿಗುವುದೇ ಇಲ್ಲ. ನೀವು ಬರೆದ ಭಾಗವನ್ನು ಆಯ್ದುಕೊಂಡು ಒತ್ತಿದರೆ ಅಷ್ಟಕ್ಕೇ ಅನ್ವಯಿಸುತ್ತದೆ.

ಏಳನೆಯದು: ಡಿಬಗ್

ಮುದ್ರಿಸುವ ಸಾಲುಗಳನ್ನು ಅಲ್ಲಲ್ಲಿ ಹಾಕಿ ದೋಷ ಹುಡುಕುವವರು ಡಿಬಗರ್‌ನ ಕೀಲಿಗಳು ಗೊತ್ತಿಲ್ಲದ್ದಕ್ಕೇ ಹಾಗೆ ಮಾಡುತ್ತಾರೆ ಎಂದು ನನ್ನ ನಂಬಿಕೆ. ಬ್ರೇಕ್‌ಪಾಯಿಂಟ್ (ಓಡುತ್ತಿರುವ ಪ್ರೋಗ್ರಾಂ ನಿಲ್ಲಬೇಕಾದ ಸಾಲಿನ ಗುರುತು) ಇಡಲು ಇಂಟೆಲಿಜೆಯಲ್ಲಿ ಕಂಟ್ರೋಲ್+ಎಫ್8, ಎಕ್ಲಿಪ್ಸ್‌ನಲ್ಲಿ ಕಂಟ್ರೋಲ್+ಶಿಫ್ಟ್+ಬಿ, ವಿಎಸ್ ಕೋಡ್‌ನಲ್ಲಿ ಎಫ್9. ನಿಂತ ಮೇಲೆ ಮುಂದಿನ ಸಾಲಿಗೆ ಹೋಗುವುದು ಕ್ರಮವಾಗಿ ಎಫ್8, ಎಫ್6, ಎಫ್10. ಮೆಥಡ್ ಒಳಗೆ ಇಳಿಯುವುದು ಎಫ್7, ಎಫ್5, ಎಫ್11. ಓಟ ಮುಂದುವರಿಸುವುದು ಎಫ್9, ಎಫ್8, ಎಫ್5.

ಒಂದೇ ಸಾಲಿನಲ್ಲಿ ಮೂರು ಮೆಥಡ್ ಕರೆಗಳಿದ್ದರೆ ಒಳಗಿಳಿಯುವ ಕೀಲಿ ಬೇಡದ ಗೆಟರ್‌ಗೆಲ್ಲ ಕರೆದೊಯ್ಯುತ್ತದೆ. ಇಂಟೆಲಿಜೆಯಲ್ಲಿ ಶಿಫ್ಟ್+ಎಫ್7 ಒತ್ತಿದರೆ ಯಾವುದರೊಳಗೆ ಹೋಗಬೇಕೆಂದು ಆರಿಸಬಹುದು. ಬ್ರೇಕ್‌ಪಾಯಿಂಟ್‌ಗೆ ಷರತ್ತು ಹಾಕುವುದನ್ನೂ ಕಲಿಯಿರಿ. ಸಾವಿರ ಆರ್ಡರ್‌ಗಳ ಲೂಪ್‌ನಲ್ಲಿ ಗ್ರಾಹಕ ನಲ್ ಆಗಿರುವ ಒಂದು ಸುತ್ತಿನಲ್ಲಿ ಮಾತ್ರ ನಿಲ್ಲಬೇಕಾದರೆ, ಬ್ರೇಕ್‌ಪಾಯಿಂಟ್ ಗುರುತಿನ ಮೇಲೆ ಬಲ ಕ್ಲಿಕ್ ಮಾಡಿ ಆ ಷರತ್ತು ಬರೆದರಾಯಿತು.

ನಿಂತ ಜಾಗದಲ್ಲಿ ಯಾವುದೇ ಅಭಿವ್ಯಕ್ತಿಯ ಬೆಲೆ ಕೇಳಲು ಇಂಟೆಲಿಜೆಯಲ್ಲಿ ಆಲ್ಟ್+ಎಫ್8. ಎಕ್ಲಿಪ್ಸ್‌ನಲ್ಲಿ ಅದನ್ನು ಆಯ್ದು ಕಂಟ್ರೋಲ್+ಶಿಫ್ಟ್+ಐ. ಇಲ್ಲಿ ಬರೆದದ್ದು ನಿಜವಾಗಿಯೂ ಓಡುತ್ತದೆ ಎಂಬುದನ್ನು ಮರೆಯಬೇಡಿ. ಇಟರೇಟರ್‌ನ ‘ನೆಕ್ಸ್ಟ್’ ಎಂದು ಕೇಳಿ ನೋಡಿದರೆ ಇಟರೇಟರ್ ಒಂದು ಹೆಜ್ಜೆ ಮುಂದೆ ಹೋಗಿಬಿಟ್ಟಿರುತ್ತದೆ, ಆಮೇಲೆ ಪ್ರೋಗ್ರಾಂ ಒಂದು ವಸ್ತುವನ್ನು ಬಿಟ್ಟು ನಡೆಯುತ್ತದೆ.

ಕೊನೆಯದು: ಕೈಗೆ ಕಲಿಸುವುದು

ಇವನ್ನೆಲ್ಲ ಒಂದೇ ದಿನ ಕಲಿಯಲು ಹೊರಟರೆ ಮೂರನೇ ದಿನಕ್ಕೆ ಒಂದೂ ಉಳಿದಿರುವುದಿಲ್ಲ. ವಾರಕ್ಕೆ ಎರಡು ಸಾಕು. ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿ, ಆ ಎರಡು ಕೆಲಸಕ್ಕೆ ಮಾತ್ರ ಮೌಸ್ ಮುಟ್ಟುವುದಿಲ್ಲವೆಂದು ನಿರ್ಧರಿಸಿ. ಮರೆತು ಮೌಸ್‌ನಿಂದ ಮಾಡಿದರೆ ಕಂಟ್ರೋಲ್+ಝಡ್ ಒತ್ತಿ, ಕೀಲಿಯಿಂದ ಮತ್ತೆ ಮಾಡಿ. ಈ ಮರುಮಾಡುವಿಕೆಯೇ ಕೈಗೆ ಪಾಠ. ಇಂಟೆಲಿಜೆ ಬಳಸುವವರಿಗೆ ಕೀ ಪ್ರಮೋಟರ್ ಎಕ್ಸ್ ಎಂಬ ಪ್ಲಗಿನ್ ಇದೆ, ಮೌಸ್‌ನಿಂದ ಮಾಡಿದ ಕೆಲಸಕ್ಕೆ ಯಾವ ಶಾರ್ಟ್‌ಕಟ್ ಇತ್ತು ಎಂದು ಅಲ್ಲೇ ತೋರಿಸುತ್ತದೆ. ಎಕ್ಲಿಪ್ಸ್‌ನಲ್ಲಿ ಕಂಟ್ರೋಲ್+ಶಿಫ್ಟ್+ಎಲ್ ಒತ್ತಿದರೆ ಆ ಕ್ಷಣಕ್ಕೆ ಅನ್ವಯಿಸುವ ಕೀಲಿಗಳ ಪೂರ್ತಿ ಪಟ್ಟಿ ಬರುತ್ತದೆ. ನನ್ನ ಕ್ರಮ ಕೇಳಿದರೆ ಮೊದಲ ವಾರ ಆಲ್ಟ್+ಎಂಟರ್ ಮತ್ತು ವೇರಿಯಬಲ್ ಬೇರ್ಪಡಿಸುವುದು, ಎರಡನೇ ವಾರ ಮೂಲಕ್ಕೆ ಹೋಗುವುದು ಮತ್ತು ಹಿಂದೆ ಬರುವುದು, ಮೂರನೇ ವಾರ ಹೆಸರು ಬದಲಿಸುವುದು ಮತ್ತು ಬಳಕೆ ಹುಡುಕುವುದು.

ಒತ್ತಿದರೂ ಏನೂ ಆಗದಿದ್ದರೆ ಬಹುಮಟ್ಟಿಗೆ ಆಪರೇಟಿಂಗ್ ಸಿಸ್ಟಂ ನಡುವೆ ಕೈ ಹಾಕಿರುತ್ತದೆ. ಉಬುಂಟುವಿನಲ್ಲಿ ಕಂಟ್ರೋಲ್+ಆಲ್ಟ್+ಟಿ ಟರ್ಮಿನಲ್ ತೆರೆಯುತ್ತದೆ; ಇಂಟೆಲಿಜೆಯಲ್ಲಿ ಅದೇ ಕೀಲಿ ಕೋಡ್‌ನ ಸುತ್ತ ‘ಟ್ರೈ’ ಅಥವಾ ‘ಇಫ್’ ಹಾಕಲು. ಕೆಲವು ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಿ ಕಂಟ್ರೋಲ್+ಆಲ್ಟ್+ಎಲ್ ಪರದೆಗೆ ಬೀಗ ಹಾಕುತ್ತದೆ, ಕಂಟ್ರೋಲ್+ಆಲ್ಟ್+ಬಾಣ ವರ್ಕ್‌ಸ್ಪೇಸ್ ಬದಲಿಸುತ್ತದೆ. ಡೆಸ್ಕ್‌ಟಾಪ್‌ನ ಕೀಲಿಮಣೆ ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆದುಹಾಕಿ, ಇಲ್ಲವೇ ಎಡಿಟರ್‌ನಲ್ಲಿ ಬೇರೆ ಕೀಲಿ ಕೊಡಿ. ಇಂಟೆಲಿಜೆಯಲ್ಲಿ ಕಂಟ್ರೋಲ್+ಆಲ್ಟ್+ಎಸ್ ಒತ್ತಿ ಕೀಮ್ಯಾಪ್ (ಯಾವ ಕೀಲಿಗೆ ಯಾವ ಕೆಲಸ ಎಂಬ ಪಟ್ಟಿ) ವಿಭಾಗ, ವಿಎಸ್ ಕೋಡ್‌ನಲ್ಲಿ ಕಂಟ್ರೋಲ್+ಕೆ ಆಮೇಲೆ ಕಂಟ್ರೋಲ್+ಎಸ್.

ಎಡಿಟರ್ ಬದಲಿಸುವವರು ಒಂದು ಕೀಲಿಯ ಬಗ್ಗೆ ಮೊದಲೇ ತಿಳಿದಿರಬೇಕು. ಕಂಟ್ರೋಲ್+ಡಿ ಇಂಟೆಲಿಜೆಯಲ್ಲಿ ಸಾಲನ್ನು ನಕಲು ಮಾಡುತ್ತದೆ, ಎಕ್ಲಿಪ್ಸ್‌ನಲ್ಲಿ ಅಳಿಸುತ್ತದೆ, ವಿಎಸ್ ಕೋಡ್‌ನಲ್ಲಿ ಅದೇ ಪದದ ಮುಂದಿನ ಜಾಗವನ್ನೂ ಆಯ್ದುಕೊಳ್ಳುತ್ತದೆ. ಕಂಟ್ರೋಲ್+ವೈ ಬೇರೆ ಕಡೆ ರದ್ದು ಮಾಡಿದ್ದನ್ನು ಮರಳಿ ತಂದರೆ, ಇಂಟೆಲಿಜೆಯ ಮೂಲ ಕೀಲಿಗಳಲ್ಲಿ ಸಾಲನ್ನೇ ಅಳಿಸುತ್ತದೆ. ಹಳೆಯ ಅಭ್ಯಾಸ ಬಿಡಲಾಗದಿದ್ದರೆ ಇಂಟೆಲಿಜೆಯ ಕೀಮ್ಯಾಪ್ ಪಟ್ಟಿಯಲ್ಲಿ ಎಕ್ಲಿಪ್ಸ್ ಶೈಲಿ ಇದೆ, ವಿಎಸ್ ಕೋಡ್‌ಗೆ ಇಂಟೆಲಿಜೆ ಮತ್ತು ಎಕ್ಲಿಪ್ಸ್ ಶೈಲಿಯ ಕೀಮ್ಯಾಪ್ ಎಕ್ಸ್‌ಟೆನ್ಶನ್‌ಗಳಿವೆ. ಎರಡು ಎಡಿಟರ್‌ಗಳನ್ನು ದಿನವೂ ಬಳಸುವವರು ಎರಡರಲ್ಲೂ ಒಂದೇ ಕೀಮ್ಯಾಪ್ ಹಾಕಿಕೊಳ್ಳಿ, ಅದೂ ಮೊದಲ ಚೀಟಿ ಅಂಟಿಸುವ ಮುನ್ನವೇ.